ಕೊರಳಿಗೆ ಬಿದ್ದ ರಟ್ಟು

ಕಂಪನಿಯ ಐವತ್ತನೇ ವರ್ಷದ ಆಟ ಇನ್ನೇನು ಶುರುವಾಗಬೇಕಿತ್ತು, ಫಾಕುಂದೊ ಮೈಕು ಬಿಡುವ ಲಕ್ಷಣವೇ ಕಾಣಲಿಲ್ಲ. "ಐವತ್ತು ವರ್ಷದ ಹಿಂದೆ, ದ್ರಾಕ್ಷಿ ತೋಟದ ಮುಷ್ಕರದಲ್ಲಿ, ನನ್ನ ಲಾರಿ ಮೇಲೇ ಈ ನಾಟಕ ಕಂಪನಿ ಹುಟ್ಟಿದ್ದು!" ಎಂದಾಗ ಫ್ರೆಸ್ನೊದ ಹೊಸ ರಂಗಮಂದಿರವೆಲ್ಲ ಚಪ್ಪಾಳೆ.

ವೇದಿಕೆಯ ಕೆಳಗಿದ್ದ, ಮೊದಲ ಆಟದಿಂದಲೂ ಕಂಪನಿಯಲ್ಲಿರುವ ಎರ್ಲಿಂದಾಗೆ ಮೈಯೆಲ್ಲ ಉರಿಯಿತು. ಹುಟ್ಟಿದ್ದೇನೋ ಅವನ ಲಾರಿಯ ಮೇಲೆಯೇ. ಆದರೆ ಎರಡನೇ ಆಟದ ದಿನ ತೋಟದ ಧಣಿ ಕಣ್ಣು ಕೆಂಪಗೆ ಮಾಡಿದ್ದೇ ತಡ, ಈ ಮಹಾಶಯ ಲಾರಿ ತಿರುಗಿಸಿಕೊಂಡು ಹೋಗಿ, ಮುಷ್ಕರ ಮುರಿಯುವ ಆಳುಗಳನ್ನು ಅದರಲ್ಲೇ ತುಂಬಿಕೊಂಡು ಬಂದಿದ್ದ. ಅವಳೂ ಉಳಿದವರೂ ಧೂಳಿನಲ್ಲಿ ನಿಂತು ಆಡಿದರು. ಆಮೇಲೆ ಚರ್ಚಿನ ಅಡುಗೆಮನೆ, ಆಮೇಲೆ ಬಾಗಿಲು ಮುಚ್ಚಿದ ಟೈರ್ ಅಂಗಡಿ. ಕಂಪನಿ ಬೆಳೆದದ್ದು ಹಾಗೆ.

ವೇಷಕ್ಕೆ ಗತಿಯಿಲ್ಲದ ಆ ಕಾಲದಲ್ಲಿ ಪಾತ್ರದ ಹೆಸರು ಬರೆದ ರಟ್ಟನ್ನೇ ಕೊರಳಿಗೆ ಹಾಕುತ್ತಿದ್ದರು. ಇವತ್ತಿಗೂ ಅದನ್ನು ನಟರ ಕೊರಳಿಗೆ ಹಾಕುವವಳು ಎರ್ಲಿಂದಾ. ಹಾಕಿದ್ದನ್ನು ಆಟ ಮುಗಿಯುವವರೆಗೆ ಯಾರೂ ತೆಗೆಯುವಂತಿಲ್ಲ.

ಅವಳು ಹಳೆಯ ರಟ್ಟೊಂದನ್ನು ಎದೆಗವಚಿಕೊಂಡು ವೇದಿಕೆ ಹತ್ತಿದಳು.

"ಬಾ ಅಕ್ಕ! ನನಗೂ ಒಂದು ತಂದ್ಯಾ? 'ಸ್ಥಾಪಕ' ಅಂತ ಬರ್ದಿದೀಯ ತಾನೆ?" ಫಾಕುಂದೊ ಹಲ್ಲು ಕಿರಿದು, ತಾನಾಗಿಯೇ ಕತ್ತು ಬಗ್ಗಿಸಿದ.

"ನಿಂದೇ ಕಣೋ. ಅವತ್ತೇ ಬರ್ದಿಟ್ಟಿದ್ದೆ."

ದಾರ ಕೊರಳಿಗೆ ಬಿತ್ತು. 'ಮುಷ್ಕರ ದ್ರೋಹಿ' ಎಂದು ಸಭೆ ಓದಿಕೊಂಡಿತು. ಮೊದಲು ಯಾರೋ ಒಬ್ಬಳು ಕಿಸಕ್ಕೆಂದಳು, ಆಮೇಲೆ ಇಡೀ ಮಂದಿರ.

ಅವನ ಕೈ ದಾರದವರೆಗೆ ಹೋಗಿ ನಿಂತಿತು. "ಆಟ ಎಷ್ಟೊತ್ತಿಗೆ ಮುಗಿಯುತ್ತೆ?" ಎಂದು ಹಲ್ಲು ಕಚ್ಚಿಕೊಂಡು ಕೇಳಿದ.

"ನಮ್ದು ಐದು ಗಂಟೆಗೆ ಮುಗಿಯುತ್ತೆ. ನಿಂದು ಈಗ ಶುರುವಾಯ್ತು."