ಸ್ಟೆನೊ ಮೇಡಂ ಕುಡಿದ ಕಪುಚಿನೊ

ಇಪ್ಪತ್ತೆರಡು ವರ್ಷ ಪುಸ್ತಕ ಹೊಲಿದ ಕೈಗೆ ನಲವತ್ತೇಳನೆಯ ವಯಸ್ಸಿನಲ್ಲಿ ಕಾಫಿ ಯಂತ್ರದ ಹಿಡಿ ಬಂತು. ಅಚ್ಚುಕೂಟ ಮುಚ್ಚಿದ ಮೇಲೆ ಎಂಟು ತಿಂಗಳು ಮನೆಯಲ್ಲಿ ಕುಳಿತಿದ್ದವಳಿಗೆ ನ್ಯಾಯಾಲಯದ ಎದುರಿನ ಕಾಫಿ ಅಂಗಡಿಯಲ್ಲಿ ಕೆಲಸ ಸಿಕ್ಕಿತ್ತು. ಮೊದಲ ಮೂರು ತಿಂಗಳು ಪರೀಕ್ಷೆಯ ಅವಧಿ. ಆಮೇಲೆ ಇಟ್ಟುಕೊಳ್ಳುವುದೋ ಬಿಡುವುದೋ ಒಡತಿಗೆ ಬಿಟ್ಟದ್ದು. ಹಿಂದೆ ಏನು ಮಾಡುತ್ತಿದ್ದಿರಿ ಎಂದು ಕೇಳಿ ತಿಳಿದುಕೊಂಡ ಅಂಗಡಿಯವರು ಅಂದಿನಿಂದಲೇ ಅವಳನ್ನು ಬೈಂಡರಮ್ಮ ಎಂದು ಕರೆಯತೊಡಗಿದರು.

ಕೆಲಸ ಕಲಿಸಿದವನು ಮೇಲ್ವಿಚಾರಕ. ಯಂತ್ರದಿಂದ ಎಸ್ಪ್ರೆಸೊ ಇಳಿಯುವಾಗ ಕೈಗಡಿಯಾರ ನೋಡಿಕೊಂಡು ಇಪ್ಪತ್ತೈದು, ಇಪ್ಪತ್ತಾರು ಎಂದು ಎಣಿಸುವುದು ಅವನ ಚಟ. ಬೆನ್ನ ಹಿಂದೆ ಎಲ್ಲರೂ ಅವನನ್ನು ಸೆಕೆಂಡು ಎನ್ನುತ್ತಿದ್ದರು.

"ಗೋಡೆ ಮೇಲೆ ಹದಿನಾಲ್ಕು ಕಾಫಿ ಹೆಸರಿದೆ ಅಂತ ಹೆದರ್ಕೋಬೇಡಿ," ಎಂದು ಅವನು ಮೊದಲ ದಿನವೇ ಹೇಳಿದ್ದ. "ಎಲ್ಲದಕ್ಕೂ ತಾಯಿ ಒಂದೇ, ಎಸ್ಪ್ರೆಸೊ, ಅಂದ್ರೆ ಯಂತ್ರದಿಂದ ಇಳಿಯೋ ಗಟ್ಟಿ ಡಿಕಾಕ್ಷನ್ನು. ಅದಕ್ಕೆ ಏನು ಸೇರಿಸ್ತೀರಿ, ಎಷ್ಟು ಸೇರಿಸ್ತೀರಿ ಅನ್ನೋದರ ಮೇಲೆ ಹೆಸರು ಬದಲಾಗುತ್ತೆ, ಅಷ್ಟೇ."

ಅಷ್ಟೇ ಎಂದು ಅವನು ಸುಲಭವಾಗಿ ಹೇಳಿಬಿಟ್ಟ. ಬೈಂಡರಮ್ಮನಿಗೆ ಮಾತ್ರ ರಾತ್ರಿ ನಿದ್ದೆಯಲ್ಲೂ ಲೋಟಗಳು ಕಾಣತೊಡಗಿದವು. ಗಂಡ ತೀರಿಕೊಂಡು ಆರು ವರ್ಷವಾಗಿತ್ತು. ಮನೆಯಲ್ಲಿದ್ದವರು ಅವಳು ಮತ್ತು ಅತ್ತೆ ಇಬ್ಬರೇ. ಬೆಳಗ್ಗೆ ಸೊಸೆ ಜಡೆ ಹಾಕಿಕೊಳ್ಳುವಾಗ ಅತ್ತೆ ಕನ್ನಡಕ ಏರಿಸಿ, ಕಾಫಿ ಹೆಸರುಗಳ ಪಟ್ಟಿಯನ್ನು ಕೈಯಲ್ಲಿ ಹಿಡಿದು ಪಾಠ ಒಪ್ಪಿಸಿಕೊಳ್ಳುತ್ತಿದ್ದರು.

"ಅಮೆರಿಕಾನೊ?"

"ಎಸ್ಪ್ರೆಸೊಗೆ ಬಿಸಿನೀರು."

"ಸಾರಿಗೆ ನೀರು ಬೆರೆಸಿದ ಹಾಗೆ. ಮಕಿಯಾಟೊ?"

"ಎಸ್ಪ್ರೆಸೊ ಮೇಲೆ ಒಂದು ಚಮಚ ನೊರೆ."

"ಕಾರ್ಟಾಡೊ?"

"ಅರ್ಧ ಎಸ್ಪ್ರೆಸೊ, ಅರ್ಧ ಹಾಲು."

"ಅಣ್ಣ ತಮ್ಮ ಪಾಲಾದ ಹಾಗೆ. ಸರಿ, ಲಾಟೆ, ಕಪುಚಿನೊ, ಫ್ಲ್ಯಾಟ್ ವೈಟ್. ಮೂರನ್ನೂ ಒಟ್ಟಿಗೆ ಹೇಳು ನೋಡೋಣ."

ಅಲ್ಲೇ ಅವಳು ಮುಗ್ಗರಿಸುತ್ತಿದ್ದದ್ದು. ಮೂರರಲ್ಲೂ ಇರುವುದು ಅದೇ ಎಸ್ಪ್ರೆಸೊ, ಅದೇ ಹಾಲು. ಕಪುಚಿನೊದಲ್ಲಿ ನೊರೆ ದಪ್ಪ, ಹೆಚ್ಚುಕಡಿಮೆ ಮೂರನೇ ಒಂದು ಪಾಲು. ಲಾಟೆಯಲ್ಲಿ ಹಾಲು ಧಾರಾಳ, ನೊರೆ ಬೆರಳಗಲಕ್ಕಿಂತ ಕಡಿಮೆ. ಫ್ಲ್ಯಾಟ್ ವೈಟ್‌ಗೆ ಲೋಟ ಚಿಕ್ಕದು, ಹಾಲು ಕಡಿಮೆ, ನೊರೆ ಇದೆಯೋ ಇಲ್ಲವೋ ಎಂಬಂತೆ ರೇಷ್ಮೆಯ ಹಾಗೆ ಇರಬೇಕು. ಕಾಗದದ ದಪ್ಪವನ್ನು ಹೆಬ್ಬೆರಳಿನಲ್ಲೇ ಅಳೆಯುತ್ತಿದ್ದವಳು ನೊರೆಯ ದಪ್ಪವನ್ನೂ ಹಾಗೆಯೇ ಕಲಿತಳು. ಹಾಲಿನ ಜಗ್ಗಿನ ತಳವನ್ನು ಅಂಗೈಯಲ್ಲಿ ಹಿಡಿದು, ಇನ್ನು ತಡೆಯಲಾರೆ ಎನ್ನುವಷ್ಟು ಸುಟ್ಟಾಗ ಹಬೆ ನಿಲ್ಲಿಸುತ್ತಿದ್ದಳು.

"ಈ ಡಿಕ್ಯಾಫ್‌ಗೆ ಹಾಲೆಷ್ಟು? ಇಲ್ಲಿ ಬರೆದೇ ಇಲ್ಲ," ಎಂದು ಅತ್ತೆ ಒಂದು ದಿನ ಕೇಳಿದರು.

"ಅದು ಹಾಲಿನ ಲೆಕ್ಕ ಅಲ್ಲ ಅತ್ತೆ. ಬೀಜದ್ದು. ಕಾಫಿಲಿರೋ ಎದೆ ಹೊಡ್ಕೊಳ್ಳೋ ಹಾಗೆ ಮಾಡೋ ಸತ್ವಾನ ಹೆಚ್ಚುಕಡಿಮೆ ಪೂರ್ತಿ ತೆಗೆದಿರ್ತಾರೆ. ಲಾಟೆನೂ ಡಿಕ್ಯಾಫ್ ಆಗಬಹುದು, ಕಪುಚಿನೊನೂ ಆಗಬಹುದು."

"ಹಲ್ಲು ಕಿತ್ತ ಹಾವು ಅನ್ನು."

"ಹೂಂ. ಆದರೆ ನೋಡಿದರೆ ಗೊತ್ತಾಗಲ್ಲ. ಅದೇ ಬಣ್ಣ, ಅದೇ ನೊರೆ."

ಅತ್ತೆ ಪಟ್ಟಿಯನ್ನು ಮಡಚಿಟ್ಟು, "ಹಾಗಾದ್ರೆ ಇದನ್ನೇ ಹುಷಾರಾಗಿ ಮಾಡು," ಎಂದರು.

ಅಂಗಡಿಯಲ್ಲಿ ಅದಕ್ಕೆಂದೇ ಬೇರೆ ವ್ಯವಸ್ಥೆಯಿತ್ತು. ಮಾಮೂಲಿ ಬೀಜಕ್ಕೆ ದೊಡ್ಡ ಗ್ರೈಂಡರ್, ಡಿಕ್ಯಾಫ್ ಬೀಜಕ್ಕೆ ಅದರ ಪಕ್ಕದಲ್ಲಿ ಚಿಕ್ಕದೊಂದು. ಚಿಕ್ಕದಕ್ಕೆ ಕೆಲಸ ಕಡಿಮೆ. ದಿನವೂ ತಪ್ಪದೆ ಡಿಕ್ಯಾಫ್ ಕೇಳುತ್ತಿದ್ದವರು ಒಬ್ಬರೇ, ನ್ಯಾಯಾಲಯದ ಶೀಘ್ರಲಿಪಿಗಾರ್ತಿ. ಎಲ್ಲರ ಬಾಯಲ್ಲೂ ಸ್ಟೆನೊ ಮೇಡಂ. ತೆಳ್ಳಗಿನ ಹೆಂಗಸು, ಮಾತು ಕಡಿಮೆ. ಬೈಂಡರಮ್ಮ ಕೆಲಸಕ್ಕೆ ಸೇರಿದ ಮೂರನೇ ದಿನ ಆಕೆ ಕೌಂಟರಿನ ಮೇಲೆ ಬಾಗಿ ಹೇಳಿದ್ದರು: "ನೀವು ಹೊಸಬರು, ಅದಕ್ಕೇ ಹೇಳ್ತೀನಿ. ನನ್ನ ಹೃದಯ ತಾಳ ತಪ್ಪುತ್ತೆ. ಮಾಮೂಲಿ ಕಾಫಿ ಮುಟ್ಟಬೇಡಿ ಅಂದಿದ್ದಾರೆ ಡಾಕ್ಟ್ರು. ರುಚಿ ಬಿಡೋಕಾಗದೆ ಇದನ್ನ ಕುಡೀತೀನಿ. ದಯವಿಟ್ಟು ನೆನಪಿರಲಿ."

ನೆನಪಿರದೆ ಏನು? ಅಂದಿನಿಂದ ಆಕೆ ಬಾಗಿಲಲ್ಲಿ ಕಂಡರೆ ಸಾಕು, ಬೈಂಡರಮ್ಮ ಕೈಯಲ್ಲಿದ್ದ ಕೆಲಸ ಬಿಟ್ಟು ಅತ್ತ ತಿರುಗುತ್ತಿದ್ದಳು. ಚಿಕ್ಕ ಗ್ರೈಂಡರ್, ಚಿಕ್ಕ ಗ್ರೈಂಡರ್ ಎಂದು ಮನಸ್ಸಿನಲ್ಲೇ ಜಪಿಸುತ್ತಿದ್ದಳು.

ಹತ್ತೊಂಬತ್ತನೆಯ ದಿನ ಯಾವುದೋ ದೊಡ್ಡ ಮೊಕದ್ದಮೆಯಿತ್ತು. ಬೆಳಗ್ಗೆ ಹತ್ತಕ್ಕೆ ಮುಂಚೆಯೇ ಕರಿ ಕೋಟಿನವರ ಸಾಲು ಬಾಗಿಲ ಹೊರಗೆ ಬೆಳೆದಿತ್ತು. ಎರಡು ಲಾಟೆ, ಒಂದು ಅಮೆರಿಕಾನೊ, ಮೋಕಾಗೆ ಚಾಕೊಲೇಟ್ ಜಾಸ್ತಿ, ಒಂದು ಫ್ಲ್ಯಾಟ್ ವೈಟ್, ಅಲ್ಲ ಅದು ಕಾರ್ಟಾಡೊ. ಒಬ್ಬ ವಕೀಲ ಫೋನಿನಲ್ಲಿ ಕಿರುಚುತ್ತಲೇ ನೊರೆ ಸಾಲದೆಂದು ಲೋಟ ವಾಪಸ್ ಕೊಟ್ಟ. ಆ ಗದ್ದಲದಲ್ಲಿ ಸ್ಟೆನೊ ಮೇಡಂ ಬಂದರು, ಎಂದಿನಂತೆ ಡಿಕ್ಯಾಫ್ ಕಪುಚಿನೊ ಎಂದರು, ಮುಚ್ಚಳವಿದ್ದ ಲೋಟ ಹಿಡಿದು ರಸ್ತೆ ದಾಟಿ ಹೋದರು.

ಸಾಲು ಸ್ವಲ್ಪ ಕರಗಿದಾಗ ಬೈಂಡರಮ್ಮ ಕಟ್ಟೆ ಒರೆಸತೊಡಗಿದಳು. ಚಿಕ್ಕ ಗ್ರೈಂಡರಿನ ಹಿಂದೆ ಬಟ್ಟೆ ಏತಕ್ಕೋ ಸಿಕ್ಕಿಕೊಂಡಿತು. ಎಳೆದಳು. ಕೈಗೆ ಬಂದದ್ದು ಗ್ರೈಂಡರಿನ ಪ್ಲಗ್ಗು, ಅದನ್ನು ಗೋಡೆಗೆ ಹಾಕಿರಲೇ ಇಲ್ಲ.

ಅದನ್ನು ಎತ್ತಿ ಮೇಲ್ವಿಚಾರಕನಿಗೆ ತೋರಿಸಿದಳು.

"ಸಾರ್, ಇದರ ಪ್ಲಗ್ ಯಾವಾಗ ಕಿತ್ರಿ?"

"ಬೆಳಿಗ್ಗೆ, ತೊಳೆಯೋವಾಗ," ಎಂದ ಸೆಕೆಂಡು. "ಹಾಕೋದು ಮರೆತೆ. ಯಾಕೆ?"

ಬೆಳಗ್ಗೆಯಿಂದ ಚಿಕ್ಕ ಗ್ರೈಂಡರ್ ಓಡಿಯೇ ಇಲ್ಲ. ಹಾಗಾದರೆ ಆ ಕಪುಚಿನೊಗೆ ಪುಡಿ ಬಂದದ್ದು ಎಲ್ಲಿಂದ? ಅವಳು ಕಣ್ಣು ಮುಚ್ಚಿ ನೆನಪು ಮಾಡಿಕೊಳ್ಳಲು ನೋಡಿದಳು. ಕೈ ದೊಡ್ಡದರ ಕಡೆಗೆ ಹೋಗಿತ್ತೇ? ನೆನಪಾಗಲಿಲ್ಲ. ಆದರೆ ಗೋಡೆಯ ಪ್ಲಗ್ ಪಾಯಿಂಟಿನ ಖಾಲಿ ತೂತುಗಳು ಸುಳ್ಳು ಹೇಳುತ್ತವೆಯೇ? ಬಾಯಿ ಡಿಕ್ಯಾಫ್ ಎಂದು ಹೇಳಿಕೊಳ್ಳುತ್ತಿದ್ದಾಗ ಕೈ ರೂಢಿಯ ದಾರಿ ಹಿಡಿದಿತ್ತು.

"ಸ್ಟೆನೊ ಮೇಡಂಗೆ ಮಾಮೂಲಿ ಕಾಫಿ ಕೊಟ್ಟುಬಿಟ್ಟೆ," ಎಂದಳು. ಅವನು ಏನು ಉತ್ತರ ಕೊಟ್ಟನೋ ಕೇಳಿಸಲಿಲ್ಲ. ಏಪ್ರನ್ ಬಿಚ್ಚದೆ ಬೀದಿಗೆ ಓಡಿದ್ದಳು.

ನ್ಯಾಯಾಲಯದ ಬಾಗಿಲಲ್ಲಿ ಕಾವಲುಗಾರ ತಡೆದ. "ಎಲ್ಲಿಗೆ? ಚೀಟಿ ಎಲ್ಲಿ?"

"ಸ್ಟೆನೊ ಮೇಡಂನ ನೋಡಬೇಕು. ಅವರಿಗೆ ತಪ್ಪು ಕಾಫಿ ಕೊಟ್ಟಿದ್ದೀನಿ."

"ಸಕ್ಕರೆ ಮರೆತ್ರಾ?"

"ಅಲ್ಲಪ್ಪಾ, ಬೇರೆ ಕಾಫಿ!"

"ಕಾಫಿಲಿ ಬೇರೆ ಏನು ಬಂತು? ಕಾಫಿ ಅಂದ್ಮೇಲೆ ಕಾಫಿ."

ಒಂದು ತಿಂಗಳ ಹಿಂದೆ ಕೇಳಿದ್ದರೆ ಅವಳೂ ಅದನ್ನೇ ಹೇಳುತ್ತಿದ್ದಳು. ಈಗ ಆ ಮಾತು ಕೇಳಿ ಅಳು ಬರುವಂತಾಯಿತು. "ಅವರಿಗೆ ಹೃದಯದ ಕಾಯಿಲೆ. ಕುಡಿದ್ರೆ ಹೆಚ್ಚುಕಮ್ಮಿ ಆಗುತ್ತೆ. ನೀವೇ ಹೋಗಿ ಹೇಳ್ತೀರಾ, ನಾನು ಹೋಗ್ಲಾ?"

ಹೃದಯ ಎಂದ ಕೂಡಲೆ ಅವನು ಕೈ ಇಳಿಸಿದ. "ಎರಡನೇ ಮಹಡಿ, ಎಡಗಡೆ ಕೊನೆ ಬಾಗಿಲು."

ಮೆಟ್ಟಿಲುಗಳನ್ನು ಎರಡೆರಡಾಗಿ ಹತ್ತಿದಳು. ಕೊನೆಯ ಬಾಗಿಲಲ್ಲಿ ಸ್ಟೂಲಿನ ಮೇಲೆ ಕುಳಿತಿದ್ದ ಜವಾನ ತುಟಿಯ ಮೇಲೆ ಬೆರಳಿಟ್ಟ. "ಸಾಕ್ಷಿ ವಿಚಾರಣೆ ನಡೀತಾ ಇದೆ. ಮಧ್ಯೆ ಯಾರನ್ನೂ ಬಿಡೋ ಹಾಗಿಲ್ಲ."

ಏಪ್ರನ್ ಜೇಬಿನ ಚೀಟಿ ತೆಗೆದು ಪೆನ್ಸಿಲಿನಲ್ಲಿ ಬರೆದಳು: ಮೇಡಂ, ಕುಡಿಯಬೇಡಿ. ಡಿಕ್ಯಾಫ್ ಅಲ್ಲ. ಅಕ್ಷರ ಸೊಟ್ಟಸೊಟ್ಟಗೆ ಬಂತು. "ಇದನ್ನಾದ್ರೂ ಕೊಡಿ."

"ವಿಚಾರಣೆ ಮುಗೀಲಿ, ಕೊಡ್ತೀನಿ."

ಬಾಗಿಲಿನಲ್ಲಿ ಒಂದು ಗೇಣಗಲದ ಗಾಜಿತ್ತು. ಅವಳು ಅದಕ್ಕೆ ಮುಖ ಹಚ್ಚಿದಳು. ನ್ಯಾಯಾಧೀಶರ ಪೀಠದ ಕೆಳಗೆ, ಚಿಕ್ಕ ಮೇಜಿನ ಹಿಂದೆ ಸ್ಟೆನೊ ಮೇಡಂ ತಲೆ ತಗ್ಗಿಸಿ ಬರೆಯುತ್ತಿದ್ದರು. ಸಾಕ್ಷಿ ಮಾತು ನಿಲ್ಲಿಸಿ ಕೆಮ್ಮಿದ. ಆ ಬಿಡುವಿನಲ್ಲಿ ಆಕೆಯ ಎಡಗೈ ಮೇಜಿನ ಕೆಳಗೆ ಹೋಯಿತು, ಲೋಟ ಮೇಲೆ ಬಂತು, ಆಕೆ ಒಂದು ಗುಟುಕು ಕುಡಿದರು. ಲೋಟವನ್ನು ಎತ್ತಿ ಹಿಡಿದಿದ್ದ ರೀತಿ ನೋಡಿದರೆ ಅದು ತಳ ಮುಟ್ಟುತ್ತಾ ಬಂದಿತ್ತು.

ಬೈಂಡರಮ್ಮ ಬಾಗಿಲು ತಳ್ಳಿದಳು.

ಐವತ್ತು ತಲೆಗಳು ಹಿಂದಕ್ಕೆ ತಿರುಗಿದವು. "ಯಾರಮ್ಮ ನೀವು?" ಎಂದರು ನ್ಯಾಯಾಧೀಶರು.

"ಕಾಫಿ ಅಂಗಡಿಯವಳು ಸ್ವಾಮಿ." ಕೈ ಚಾಚಿ ಸ್ಟೆನೊ ಮೇಡಂ ಲೋಟವನ್ನು ತೋರಿಸಿದಳು. "ಅವರು ಆ ಕಾಫಿ ಕುಡೀಬಾರ್ದು. ನಾನು ತಪ್ಪು ಮಾಡಿದೀನಿ."

ಯಾರೋ ಒಬ್ಬ ವಕೀಲ ಕಿಸಕ್ಕೆಂದು ನಕ್ಕ. ಇನ್ನೊಬ್ಬ ಅದಕ್ಕೆ ದನಿಗೂಡಿಸಿದ. ಸ್ಟೆನೊ ಮೇಡಂ ನಗಲಿಲ್ಲ. ಪೆನ್ನು ಕೆಳಗಿಟ್ಟು ಎರಡು ಬೆರಳನ್ನು ಕತ್ತಿನ ಪಕ್ಕಕ್ಕೆ ಒತ್ತಿಕೊಂಡರು. ಅವರ ಮುಖದ ಬಣ್ಣ ಇಳಿದದ್ದನ್ನು ಕಂಡು ನ್ಯಾಯಾಧೀಶರು ಕಾಲು ಗಂಟೆ ಬಿಡುವು ಕೊಟ್ಟರು.

ಪಡಸಾಲೆಯ ಬೆಂಚಿನ ಮೇಲೆ ಕುಳಿತು ಆಕೆ ಡಾಕ್ಟರಿಗೆ ಫೋನ್ ಮಾಡಿದರು. ತಲೆ ಸುತ್ತಿದರೆ ತಡಮಾಡದೆ ಬನ್ನಿ ಎಂದರಂತೆ. ಫೋನ್ ಇಟ್ಟು ಹೇಳಿದರು: "ಅರ್ಧ ಗಂಟೆಯಿಂದ ಬಡಿತ ಎಡವುತ್ತಾ ಇತ್ತು. ಸಾಕ್ಷಿ ಹೇಳಿಕೆ ಕೇಳಿ ಹಾಗಾಗ್ತಿದೆ ಅಂದ್ಕೊಂಡೆ."

"ಏನೂ ಆಗಲ್ಲ ಮೇಡಂ, ಸರಿಹೋಗುತ್ತೆ..."

"ನಿಮಗೆ ಹೇಗೆ ಗೊತ್ತು? ಗೊತ್ತಿಲ್ಲದ್ದನ್ನ ಹೇಳಬೇಡಿ. ಹೋದ ಸಲ ಹೀಗೆ ಶುರುವಾಗಿ ಎರಡು ದಿನ ಆಸ್ಪತ್ರೆಲಿ ಮಲಗಿದ್ದೆ." ಆಮೇಲೆ ಕೈ ಮುಂದೆ ಚಾಚಿದರು. "ನೋಡಿ ಬೇಕಾದ್ರೆ."

ಬೈಂಡರಮ್ಮ ಆಕೆಯ ಮಣಿಕಟ್ಟಿನ ಮೇಲೆ ಹೆಬ್ಬೆರಳಿಟ್ಟಳು. ಎರಡು ಬಡಿತ, ಒಂದು ಖಾಲಿ. ಮೂರು ಅವಸರದ ಬಡಿತ, ಮತ್ತೆ ಖಾಲಿ. ಆ ಖಾಲಿ ಬಂದಾಗಲೆಲ್ಲ ಅವಳು ಮುಂದಿನ ಬಡಿತ ಬರುವುದೋ ಇಲ್ಲವೋ ಎಂದು ಕಾಯುತ್ತಿದ್ದಳು.

ಹತ್ತು ನಿಮಿಷಕ್ಕೆ ಆಕೆಗೆ ತಲೆ ಸುತ್ತಿತು. ಮೊದಲು ನಕ್ಕಿದ್ದ ವಕೀಲನೇ ಕಾರು ತಂದ. ಆಸ್ಪತ್ರೆಯಲ್ಲಿ ಎದೆಗೆ ತಂತಿ ಅಂಟಿಸಿ, ಕೈಗೆ ಸೂಜಿ ಚುಚ್ಚಿ, ಪರದೆ ಎಳೆದರು. ಪರದೆಯ ಆಚೆಯಿಂದ ಯಂತ್ರದ ಟಿಕ್ ಟಿಕ್ ಕೇಳುತ್ತಿತ್ತು. ಬೈಂಡರಮ್ಮ ಹೊರಗಿನ ಕುರ್ಚಿಯಲ್ಲಿ, ಹಾಲಿನ ಕಲೆಯಾದ ಏಪ್ರನ್‌ನಲ್ಲೇ, ನಾಲ್ಕು ಗಂಟೆ ಕುಳಿತಳು. ನಡುವೆ ಒಮ್ಮೆ ಅತ್ತೆಗೆ ಫೋನ್ ಮಾಡಬೇಕೆನಿಸಿತು. ಏನೆಂದು ಹೇಳುವುದು? ಮಾಡಲಿಲ್ಲ.

ಮೂರೂವರೆಗೆ ನರ್ಸ್ ಹೊರಗೆ ಬಂದಳು. "ತಾಳಕ್ಕೆ ಬಂದಿದೆ. ಸಂಜೆ ಕಳಿಸ್ತಾರೆ. ನೀವು ಅವರಿಗೇನಾಗ್ಬೇಕು?"

"ಕಾಫಿ ಕೊಟ್ಟವಳು," ಎಂದಳು ಬೈಂಡರಮ್ಮ.

ಒಳಗೆ ಹೋದಾಗ ಸ್ಟೆನೊ ಮೇಡಂ ಚಾವಣಿ ನೋಡುತ್ತಾ ಮಲಗಿದ್ದರು. "ಓಡಿ ಬಂದ್ರಿ. ಸುಮ್ಮನಿದ್ದಿದ್ರೆ ಯಾರಿಗೂ ಗೊತ್ತಾಗ್ತಿರ್ಲಿಲ್ಲ," ಎಂದರು. ಆಮೇಲೆ ಅವಳ ಕಡೆ ತಿರುಗಿ, "ಆದರೂ ನಿಮ್ಮ ಮೇಲೆ ಕೋಪ ಇದೆ ನನಗೆ. ನಂಬಿ ಕುಡಿದೆ."

"ಇರ್ಲಿ ಮೇಡಂ," ಎಂದಳು ಬೈಂಡರಮ್ಮ.

ಅಂಗಡಿಗೆ ಮರಳಿದಾಗ ಸೆಕೆಂಡು ಒಬ್ಬನೇ ಲೋಟ ತೊಳೆಯುತ್ತಿದ್ದ. "ಒಡತಿಗೆ ಹೇಳಿದೀನಿ," ಎಂದ. "ಪ್ಲಗ್ ಕಿತ್ತು ಮರೆತಿದ್ದು ನಾನೇ ಅಂತಾನೂ ಹೇಳಿದೀನಿ."

"ಪ್ಲಗ್ ಇದ್ದಿದ್ರೂ ನಾನು ಅದನ್ನ ಮುಟ್ಟಿರಲಿಲ್ಲ ಸಾರ್. ನನ್ನ ಕೈ ದೊಡ್ಡದಕ್ಕೇ ಹೋಗಿತ್ತು. ನಿಮ್ಮದೇನೂ ತಪ್ಪಿಲ್ಲ."

ಅವನು ಅವಳ ಮುಖವನ್ನೇ ನೋಡಿದ. "ಇದನ್ನ ಒಡತಿ ಮುಂದೆ ಹೇಳೋ ಅಗತ್ಯ ಇಲ್ಲ."

ಹೇಳಿದಳು. ಹೇಳದೆ ಇರಲು ಆಗಲಿಲ್ಲ. ಒಡತಿ ಎಲ್ಲ ಕೇಳಿಕೊಂಡು, ಯೋಚಿಸಿ ಹೇಳುತ್ತೇನೆ ಎಂದು ಕಳಿಸಿದಳು. ಆ ಯೋಚನೆಗೆ ಐದು ದಿನ ಹಿಡಿಯಿತು. ಐದು ದಿನವೂ ಅಂಗಡಿಯ ಫೋನ್ ರಿಂಗಾದರೆ ಬೈಂಡರಮ್ಮ ಹಬೆ ನಿಲ್ಲಿಸಿ ಕಿವಿಗೊಡುತ್ತಿದ್ದಳು. ಸ್ಟೆನೊ ಮೇಡಂ ಕೆಲಸಕ್ಕೆ ಮರಳಿದ್ದಾರೆಂದು ಕಾವಲುಗಾರ ಹೇಳಿದ್ದ, ಆದರೆ ಅಂಗಡಿಯ ಕಡೆ ಸುಳಿದಿರಲಿಲ್ಲ.

"ಊರಿಗೆ ಬಂದೋಳು ನೀರಿಗೆ ಬರದೆ ಇರ್ತಾಳಾ? ಬರ್ತಾಳೆ ಬಿಡು," ಎಂದರು ಅತ್ತೆ. ಆದರೆ ಅವರೂ ಊಟ ಸೇರದೆ ತಟ್ಟೆಯಲ್ಲಿ ಅನ್ನ ಕಲಸುತ್ತಾ ಕೂತಿದ್ದರು.

ಆರನೇ ದಿನ ಒಡತಿಯ ತೀರ್ಮಾನ ಬಂತು. ಕೆಲಸದಿಂದ ತೆಗೆಯುವುದಿಲ್ಲ. ಆದರೆ ಪರೀಕ್ಷೆಯ ಅವಧಿ ಇನ್ನೂ ಮೂರು ತಿಂಗಳು ಮುಂದಕ್ಕೆ. ಚಿಕ್ಕ ಗ್ರೈಂಡರ್ ಕಟ್ಟೆಯ ಇನ್ನೊಂದು ತುದಿಗೆ ಹೋಗಬೇಕು, ಡಿಕ್ಯಾಫ್ ಮಾಡುವವರು ಅದನ್ನು ಮುಟ್ಟಲು ನಾಲ್ಕು ಹೆಜ್ಜೆ ಇಡುವಂತಿರಬೇಕು. ಡಿಕ್ಯಾಫ್ ಲೋಟದ ಮೇಲೆ ಮಾಡಿದವರು ತಮ್ಮ ಕೈಯಾರೆ ಗುರುತು ಹಾಕಬೇಕು. ಸೆಕೆಂಡು ಅಂದೇ ಗ್ರೈಂಡರನ್ನು ಎತ್ತಿ ಸ್ಥಳ ಬದಲಿಸಿದ.

ಮಾರನೆಯ ವಾರ ಸ್ಟೆನೊ ಮೇಡಂ ಬಂದರು. ಗ್ರೈಂಡರಿನ ಹೊಸ ಜಾಗವನ್ನು ನೋಡಿದರು. "ಬರೀ ಬಿಸಿ ಹಾಲು ಕೊಡಿ," ಎಂದರು. ಎಂಟು ದಿನ ಬಿಸಿ ಹಾಲನ್ನೇ ಕುಡಿದರು. ಯಾಕೆಂದು ಕೇಳುವ ಹಕ್ಕು ತನಗಿಲ್ಲವೆಂದುಕೊಂಡು ಬೈಂಡರಮ್ಮ ಹಾಲು ಕಾಯಿಸಿ ಕೊಡುತ್ತಿದ್ದಳು.

ಒಂಬತ್ತನೆಯ ದಿನ ಆಕೆ ಚಿಕ್ಕ ಗ್ರೈಂಡರ್ ಕಾಣುವ ಕಡೆ ಬಂದು ನಿಂತರು. ಆಮೇಲೆ, "ಕಪುಚಿನೊ. ಡಿಕ್ಯಾಫ್," ಎಂದರು. "ನಾನು ನೋಡ್ತಾ ನಿಂತಿರ್ತೀನಿ."

"ನೋಡಿ ಮೇಡಂ."

ಬೈಂಡರಮ್ಮ ನಾಲ್ಕು ಹೆಜ್ಜೆ ನಡೆದು ಚಿಕ್ಕ ಗ್ರೈಂಡರಿನ ಗುಂಡಿ ಒತ್ತಿದಳು. ಅದು ಗುರುಗುಟ್ಟಿದ್ದನ್ನು ಇಬ್ಬರೂ ಕೇಳಿಸಿಕೊಂಡರು. ಎಸ್ಪ್ರೆಸೊ ಇಳಿಯಿತು, ಹಾಲು ನೊರೆಯಾಯಿತು, ಅಂಗೈ ಸುಟ್ಟಿತು. ಲೋಟದ ಮೇಲೆ ಗುರುತು ಹಾಕಿ ಎರಡು ಕೈಯಲ್ಲಿ ಕೊಟ್ಟಳು. ಸ್ಟೆನೊ ಮೇಡಂ ಅಲ್ಲೇ ಒಂದು ಗುಟುಕು ಕುಡಿದು, ತಲೆಯಾಡಿಸಿ, ರಸ್ತೆ ದಾಟಿದರು.

ಎಲ್ಲವನ್ನೂ ಕಣ್ಣಾರೆ ನೋಡಿ ಮಾಡಿದ್ದಳು, ತಪ್ಪಾಗಿರಲು ಸಾಧ್ಯವಿರಲಿಲ್ಲ. ಆದರೂ ಆ ದಿನವಿಡೀ ಒಂದೊಂದು ಲಾಟೆ, ಒಂದೊಂದು ಅಮೆರಿಕಾನೊ ಮುಗಿದಂತೆ ಅವಳ ಕಣ್ಣು ನ್ಯಾಯಾಲಯದ ಬಾಗಿಲಿನ ಕಡೆ ಹೋಗುತ್ತಿತ್ತು. ಐದೂವರೆಗೆ ಸ್ಟೆನೊ ಮೇಡಂ ಚೀಲ ಹೆಗಲಿಗೇರಿಸಿ, ಯಾರ ಜೊತೆಗೋ ಮಾತಾಡುತ್ತಾ ಮೆಟ್ಟಿಲಿಳಿದು ಬಸ್ ನಿಲ್ದಾಣದ ಕಡೆ ನಡೆದರು. ಆಗ ಬೈಂಡರಮ್ಮ ಏಪ್ರನ್ ಬಿಚ್ಚಿದಳು.