ಗೋಡೆ ಪಕ್ಕದ ಉಷ್ಣಮಾಪಕ

ನಮ್ಮ ಯಜಮಾನರು ಟಿವಿಯಲ್ಲಿ ಬರುತ್ತಾರೆಂದರೆ ಬೀದಿಯವರಿಗೆ ಮೋಜು, ನನಗೆ ತಲೆನೋವು. ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡಿ ನಿವೃತ್ತರಾದ ಮೇಲೆ ಈ ಮನುಷ್ಯನ ನಾಲಿಗೆಗೆ ಕೆಲಸವಿರಲಿಲ್ಲ. ಭೂಮಿ ಬಿಸಿಯಾಗುತ್ತಿದೆ ಅನ್ನುವುದೆಲ್ಲ ಬರೀ ಗುಲ್ಲು ಎಂದು ಪತ್ರಿಕೆಗೆ ಒಂದು ಸಲ ಬರೆದರು ನೋಡಿ, ಚಾನೆಲ್‌ನವರು ಮನೆ ಹುಡುಕಿಕೊಂಡು ಬಂದರು. ಅವರ ಚರ್ಚೆಗೆ ಎರಡೇ ಕುರ್ಚಿ. ಹೌದು ಅನ್ನುವವರದು ಒಂದು, ಇಲ್ಲ ಅನ್ನುವವರದು ಇನ್ನೊಂದು. ಇರಬಹುದು ಅನ್ನುವವರಿಗೆ ಅಲ್ಲಿ ಕುಡಿಯಲು ನೀರೂ ಸಿಗುವುದಿಲ್ಲ.

ಮಗಳು ಹವಾಮಾನ ಕಚೇರಿಯಲ್ಲಿ ತಾಪಮಾನದ ಲೆಕ್ಕ ನೋಡುವವಳು. ಅಪ್ಪ ಮಗಳಿಗೆ ಊಟದ ಜೊತೆ ನಂಚಿಕೊಳ್ಳಲು ಜಗಳವೇ ಬೇಕು.

"ನಿಮ್ಮ ಉಪಕರಣಾನೇ ಸರಿ ಇದೆ ಅಂತ ಯಾರು ಹೇಳಿದ್ದು?" ಎಂದು ಒಂದು ದಿನ ಇವರು ಕೆಣಕಿದರು. ತಪ್ಪೇನಿಲ್ಲ, ಕೇಳಬೇಕಾದ ಪ್ರಶ್ನೆಯೇ. ಅವಳೂ ಮುಚ್ಚಿಡಲಿಲ್ಲ.

"ಒಂದು ಕೇಂದ್ರದಲ್ಲಿ ಸರಿ ಇರಲಿಲ್ಲ ಅಪ್ಪ. ಉಷ್ಣಮಾಪಕ ಕಾರ್ ನಿಲ್ಲಿಸೋ ಕಟ್ಟಡದ ಗೋಡೆ ಪಕ್ಕದಲ್ಲೇ ಇತ್ತು. ಗೋಡೆ ಕಾವೆಲ್ಲ ಅದಕ್ಕೇ. ನಾನೇ ಕಂಡುಹಿಡಿದೆ. ಆ ಕೇಂದ್ರದ ಅಂಕಿಗಳನ್ನ ಪೂರ್ತಿ ತೆಗೆದುಹಾಕಿ ಮತ್ತೆ ಲೆಕ್ಕ ಮಾಡಿದ್ವಿ. ಆದ್ರೂ ಬಿಸಿ ಏರ್ತಾನೇ ಇದೆ."

ಇವರು ತಟ್ಟೆಯಿಂದ ತಲೆ ಎತ್ತದೆ "ಹೂಂ" ಎಂದರು. ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವ ಜಾತಿ, ಅಷ್ಟಕ್ಕೇ ಸುಮ್ಮನಾದಾಗಲೇ ನನಗೆ ಅನುಮಾನ ಬರಬೇಕಿತ್ತು.

ಮುಂದಿನ ಚರ್ಚೆಯಲ್ಲಿ ಗೊತ್ತಾಯಿತು. "ಹವಾಮಾನ ಕಚೇರಿಯವರ ಉಷ್ಣಮಾಪಕ ಇರೋದು ಕಾದ ಗೋಡೆ ಪಕ್ಕ ಸ್ವಾಮಿ! ನನ್ನ ಮಗಳೇ ಅಲ್ಲಿ ಕೆಲಸ ಮಾಡೋದು, ಅವಳೇ ಹೇಳಿದ್ದು!"

ನಿರೂಪಕ ಎದ್ದು ನಿಂತುಬಿಟ್ಟ. ಎದುರು ಕೂತ ಜನರೆಲ್ಲ ಚಪ್ಪಾಳೆ ತಟ್ಟಿದರು. ಸದ್ದು ಅಡಗಿದ ಮೇಲೆ ಅವನು ಕೇಳಿದ, "ಇನ್ನೇನಾದ್ರೂ ಹೇಳೋದಿದೆಯಾ ಸರ್?"

ಹೇಳಿ, ಉಳಿದರ್ಧವನ್ನೂ ಹೇಳಿ ಎಂದು ನಾನು ಟಿವಿ ಮುಂದೆ ಕೂತು ಗೊಣಗುತ್ತಿದ್ದೆ. ಇವರು ಕೋಟು ಸರಿಮಾಡಿಕೊಂಡು, "ಇಷ್ಟು ಸಾಕಲ್ವಾ?" ಎಂದು ನಕ್ಕರು. ನನಗೆ ಮೈಯೆಲ್ಲ ಉರಿದುಹೋಯಿತು.

ಮಾರನೆಯ ದಿನ ಮಗಳು ಬಂದಳು. ಅವಳು ಚರ್ಚೆ ನೋಡಿರಲಿಲ್ಲ. ಫೋನಿನಿಂದ ಫೋನಿಗೆ ಓಡುತ್ತಿದ್ದ ತುಣುಕನ್ನಷ್ಟೇ ನೋಡಿದ್ದಳು. ಕಚೇರಿಯ ಹೆಸರು ಕೆಡಿಸಿದಳೆಂದು ಮೇಲಧಿಕಾರಿ ಅವಳನ್ನು ಕೆಲಸದಿಂದ ದೂರ ಇಟ್ಟು ವಿಚಾರಣೆಗೆ ಕರೆದಿದ್ದರು.

"ಅಪ್ಪ, ನೀನು ಪೂರ್ತಿ ಹೇಳಿದ್ದೆ ತಾನೇ? ಚಾನೆಲ್‌ನವರೇ ಕತ್ತರಿಸಿದ್ದು ತಾನೇ? ನಾಳೆ ನನ್ನ ಜೊತೆ ಬಂದು ಅಷ್ಟು ಹೇಳಿಬಿಡು. ಕೆಲಸ ಉಳಿಯುತ್ತೆ."

ಇವರು ನನ್ನ ಕಡೆ ನೋಡಲಿಲ್ಲ. "ಮತ್ತೆ! ಕತ್ತರಿಸಿಬಿಟ್ರು ಕಳ್ಳರು. ಬರ್ತೀನಿ ಬಿಡು."

ಮಗಳ ಮುಖಕ್ಕೆ ಜೀವ ಬಂತು. ಅದನ್ನು ನೋಡಿ ನನಗೆ ಇನ್ನಷ್ಟು ಸಿಟ್ಟು ಬಂತು. ಅದು ನೇರಪ್ರಸಾರ, ಊರೆಲ್ಲ ನೋಡಿದೆ. ಈ ಸುಳ್ಳನ್ನು ಹೊತ್ತುಕೊಂಡು ಹೋದರೆ ಅಲ್ಲಿ ಸಿಕ್ಕಿಬೀಳುವವಳು ಇವಳೇ.

"ಯಾರೂ ಕತ್ತರಿಸಲಿಲ್ಲ ಕಣೇ," ಎಂದೆ. "ಇನ್ನೇನಾದ್ರೂ ಇದೆಯಾ ಅಂತ ಕೇಳಿದ್ರು. ಇಷ್ಟು ಸಾಕು ಅಂತ ನಿಮ್ಮಪ್ಪ ನಕ್ಕರು."

"ನಿನಗೆ ತಲೆ ಕೆಟ್ಟಿದೆಯಾ?" ಇವರು ಮೇಜಿಗೆ ಗುದ್ದಿದರು. "ಗಂಡನ ಮರ್ಯಾದೆ ತೆಗೀತೀಯಾ?"

ಮಗಳು ಕೂಗಾಡಲಿಲ್ಲ. "ಯಾಕಪ್ಪ?" ಎಂದಳು ಅಷ್ಟೇ.

ಇವರು ಗೋಡೆ ನೋಡುತ್ತಾ, "ಅಷ್ಟು ಜನ ಚಪ್ಪಾಳೆ ತಟ್ತಾ ಇದ್ರು ಕಣಮ್ಮ," ಎಂದರು.

ಅವಳು ಎದ್ದು ಚೀಲ ಹೆಗಲಿಗೆ ಹಾಕಿಕೊಂಡಳು. "ಅಮ್ಮ, ನಾಳೆ ನೀನು ಬರ್ತೀಯಾ?"

"ಬರ್ತೀನಿ," ಎಂದೆ, ಇವರ ಮುಖ ನೋಡಿಕೊಂಡೇ. "ನೀನು ಮನೇಲಿ ಏನೇನು ಹೇಳಿದ್ದೆ ಅಂತ ಹೇಳ್ತೀನಿ. ಅದರಲ್ಲಿ ಇವರು ಏನು ನುಂಗಿದ್ರು ಅಂತಾನೂ ಹೇಳ್ತೀನಿ."