ಅತ್ತೆಯ ಹದಿನೇಳು ದೂರುಗಳು

ನಮ್ಮ ಕಟ್ಟಡದ ಕಾರ್ಯದರ್ಶಿ ಆಗಬೇಕೆಂಬ ಹುಚ್ಚು ನನಗೆ ಮೂರು ವರ್ಷದಿಂದ ಹಿಡಿದಿತ್ತು. ಭಾನುವಾರ ಹನ್ನೊಂದಕ್ಕೆ ಚುನಾವಣೆ. ಎದುರಾಳಿ ಎರಡನೇ ಮಹಡಿಯ ಹಲ್ಲಿನ ಡಾಕ್ಟರು. ಅವರ ಬಳಿ ಚೆಂದದ ನಗುವಿತ್ತು, ನನ್ನ ಬಳಿ ನಾನೇ ಬರೆದ ದೂರಿನ ಪ್ರೋಗ್ರಾಂ. ಯಾರೇ ಮೊಬೈಲಿನಲ್ಲಿ ದೂರು ಬರೆದರೂ ಅದು ಡೇಟಾಬೇಸಿಗೆ ಸೇರಿ, ಕೆಳಗೆ ಲಿಫ್ಟಿನ ಪಕ್ಕದ ಟಿವಿಯಲ್ಲಿ ಮೂಡುತ್ತಿತ್ತು. ಒಂದು ದೂರೂ ಕಳೆದುಹೋಗುವುದಿಲ್ಲ ಎಂದು ಮನೆಮನೆಗೂ ಹೋಗಿ ಕೊಚ್ಚಿಕೊಂಡಿದ್ದೆ.

ಅಂದು ಬೆಳಿಗ್ಗೆ ಎಂಟಕ್ಕೇ ಅತ್ತೆ ಫೋನು ಹಿಡಿದು ಎದುರು ನಿಂತರು.

“ಅಳಿಯಂದ್ರೇ, ಎಲ್ಲರ ದೂರೂ ಟಿವೀಲಿ ಬರತ್ತೆ. ನನ್ನದಕ್ಕೆ ಏನು ಬಂದಿದೆ ರೋಗ?”

“ನೀವು ಬಟನ್ ಸರಿಯಾಗಿ ಒತ್ತಿರಲ್ಲ, ಅತ್ತೆ.”

“ಒತ್ತಿ ಒತ್ತಿ ಬೆರಳು ಸವೀತು! ಸರಿಮಾಡಿದ್ರೆ ನನ್ನ ವೋಟು ನಿಮಗೆ. ಇಲ್ಲಾಂದ್ರೆ ಡಾಕ್ಟ್ರಿಗೆ.”

ಲ್ಯಾಪ್‌ಟಾಪ್ ತೆರೆದೆ. ‘ಸಿಂಟ್ಯಾಕ್ಸ್ ಎರರ್’, ಅಂದರೆ ವಾಕ್ಯರಚನೆ ತಪ್ಪು, ಎಂಬ ಹಣೆಪಟ್ಟಿ ಹೊತ್ತು ಹದಿನೇಳು ದೂರುಗಳು ಹೊರಗೆ ಬಿದ್ದಿದ್ದವು, ಹದಿನೇಳೂ ಅತ್ತೆಯವೇ. ಮೊದಲನೆಯದನ್ನು ಓದಿದೆ: ನಲ್ಲಿ ಸೋರುತ್ತಿದೆ ಎಂದರೆ ಕಾವಲುಗಾರ ‘ಆಮೇಲೆ ನೋಡೋಣ’ ಅಂದ.

ಅತ್ತೆ ಮೂವತ್ತು ವರ್ಷ ಕೋರ್ಟಿನಲ್ಲಿ ಸಾಕ್ಷಿಗಳ ಹೇಳಿಕೆ ಟೈಪು ಮಾಡಿದವರು. ಯಾರು ಏನೆಂದರೋ ಅದನ್ನು ಒಂಟಿ ಉದ್ಧರಣ ಚಿಹ್ನೆಯೊಳಗೆ ಇದ್ದ ಹಾಗೇ ಇಡದಿದ್ದರೆ ಅವರಿಗೆ ಸಮಾಧಾನವಿಲ್ಲ. ನನ್ನ ಕೋಡೋ, ದೂರನ್ನು ಅಂಥದೇ ಚಿಹ್ನೆಗಳ ನಡುವೆ ಅಂಟಿಸಿ, ಡೇಟಾಬೇಸಿಗೆ ‘ಇದನ್ನು ಸೇರಿಸಿಕೋ’ ಎನ್ನುವ ಇನ್ಸರ್ಟ್ ವಾಕ್ಯ ಕಟ್ಟುತ್ತಿತ್ತು. ಕಾವಲುಗಾರ ಬಾಯಿ ತೆರೆಯುವಷ್ಟರಲ್ಲೇ, ಅವನ ಮಾತಿಗೆ ಮುಂಚಿನ ಚಿಹ್ನೆ ಕಂಡು, ದೂರು ಮುಗಿಯಿತೆಂದು ಡೇಟಾಬೇಸ್ ತಿಳಿಯುತ್ತಿತ್ತು. ಮುಂದಿನದರ ತಲೆಬುಡ ತಿಳಿಯದೆ ಇಡೀ ವಾಕ್ಯವನ್ನೇ ಆಚೆಗೆ ಎಸೆಯುತ್ತಿತ್ತು. ತಪ್ಪು ನನ್ನದೇ.

ಆ ಚಿಹ್ನೆಗಳನ್ನೆಲ್ಲ ಅಳಿಸಿಬಿಡಲೇ ಎಂದು ಕೈ ಹಾಕಿದೆ.

“ಒಂದು ಚುಕ್ಕಿ ಮುಟ್ಟಿದ್ರೂ ನೋಡಿ ಮತ್ತೆ!” ಎಂದರು ಅತ್ತೆ, ಬೆನ್ನ ಹಿಂದಿನಿಂದ.

ಸರಿ, ಮರ್ಯಾದೆಯ ದಾರಿಯನ್ನೇ ಹಿಡಿದೆ. ವಾಕ್ಯದಲ್ಲಿ ದೂರಿನ ಜಾಗಕ್ಕೆ ಒಂದು ಪ್ರಶ್ನಾರ್ಥಕ ಚಿಹ್ನೆ ಇಟ್ಟು, ದೂರನ್ನು ಬೇರೆಯಾಗಿ ಒಪ್ಪಿಸಿದೆ. ಇನ್ನು ದೂರಿನೊಳಗಿನ ಚಿಹ್ನೆಗಳನ್ನು ಡೇಟಾಬೇಸ್ ಬರೀ ಅಕ್ಷರವೆಂದೇ ಎಣಿಸುತ್ತದೆ, ಅತ್ತೆ ಏನು ಬರೆದರೂ ಒಳಗೆ ಹೋಗುತ್ತದೆ. ಹತ್ತೂಮುಕ್ಕಾಲಿಗೆ ಹದಿನೇಳನ್ನೂ ಒಟ್ಟಿಗೆ ನುಗ್ಗಿಸಿದೆ. ಉಳಿದ ಹದಿನಾರನ್ನು ಓದುವ ಪುರುಸೊತ್ತು ಯಾರಿಗಿತ್ತು?

ಕೆಳಗಿಳಿದರೆ ಇಡೀ ಕಟ್ಟಡ ಟಿವಿಯ ಮುಂದೆ ನೆರೆದು ಬಿದ್ದೂ ಬಿದ್ದೂ ನಗುತ್ತಿತ್ತು.

“ನಮ್ಮ ಅಳಿಯ ಕಸದ ಚೀಲವನ್ನು ಲಿಫ್ಟಿನಲ್ಲೇ ಬಿಟ್ಟರು. ಕೇಳಿದ್ದಕ್ಕೆ ‘ಯಾರು ನೋಡ್ತಾರೆ ಬಿಡಿ’ ಅಂದರು.”

ಅದರ ಕೆಳಗೆ: “ನಮ್ಮ ಅಳಿಯ ಡಾಕ್ಟರ ಜಾಗದಲ್ಲಿ ಕಾರು ನಿಲ್ಲಿಸಿದರು. ‘ಹಲ್ಲು ಕೀಳೋನು, ನಂದೇನು ಕಿತ್ತಾನು’ ಅಂದರು.”

ಅಯ್ಯೋ, ಭೂಮಿ ಬಾಯ್ಬಿಡಬಾರದೇ ಅನ್ನಿಸಿತು. ಡಾಕ್ಟರು ಮಾತ್ರ ಚೆಂದವಾಗಿ ನಗುತ್ತಲೇ ಇದ್ದರು.

ನನಗೆ ಬಿದ್ದದ್ದು ಎರಡೇ ವೋಟು. ಒಂದು ನನ್ನದು. ಇನ್ನೊಂದು ಹೆಂಡತಿಯದಿರಬೇಕೆಂದು ಪ್ರೀತಿ ಉಕ್ಕಿ ಅವಳತ್ತ ನೋಡಿದರೆ, ಅವಳು ಡಾಕ್ಟರಿಗೆ ಅಭಿನಂದನೆ ಹೇಳುತ್ತಿದ್ದಳು.

“ಅದು ನಂದು,” ಎಂದರು ಅತ್ತೆ. “ಅಚ್ಚುಕಟ್ಟಾಗಿ ಮಾಡಿದ್ರಿ ಅಳಿಯಂದ್ರೇ. ಒಂದಕ್ಷರವೂ ಬಿಟ್ಟುಹೋಗಿಲ್ಲ.”